ಸದ್ಯಕ್ಕೆ ಅಕ್ಕೋರ ನಂಬರು

ಅಕ್ಕೋರು ತೀರಿಕೊಂಡ ಸುದ್ದಿಯನ್ನು ಯಾರೂ ನನಗೆ ಹೇಳಿ ಕಳಿಸಲಿಲ್ಲ. ನಿಂತುಹೋದ ಒಂದು ಫೈಲಿನಿಂದ ಅದು ಗೊತ್ತಾಯಿತು.

ವಿಜಯಪುರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನನಗೆ ಕೆಲಸ. ಎಕ್ಸ್‌ರೇ ಕೋಣೆಯ ಹಿಂದೆ ಕಿಟಕಿಯಿಲ್ಲದ ಒಂದು ಕಂಪ್ಯೂಟರ್ ಕೋಣೆ ಇದೆ. ನಾನು ಅದರೊಳಗಿನ ಪ್ರಾಣಿ. ಆವತ್ತು ಸೋಮವಾರ, ಹನ್ನೊಂದು ಗಂಟೆ ಆಗಿರಬೇಕು. ಬಬಲೇಶ್ವರದ ಕಡೆಯ ಒಬ್ಬ ರೈತ ನನ್ನ ಬಾಗಿಲಿಗೆ ಬಂದು ನಿಂತ.

"ಏನ್ರಿ ಸಾಹೇಬ್ರ, ಮುಂಜಾನೆ ಏಳರಿಂದ ನಮ್ಮವ್ವ ಸ್ಟ್ರೆಚರ್ ಮ್ಯಾಲೆ ಅದಾಳ್ರಿ. ಸೊಂಟದ ಎಲುಬ ಮುರದೈತಿ. ಕೇಳಿದ್ರ ಕಂಪ್ಯೂಟರ್ ಹೂಂ ಅಂದಿಲ್ಲ ಅಂತಾರ. ಯಾರ ಹೂಂ ಅನ್ನಬೇಕ್ರಿ? ಅವರ ಮಾರಿ ಒಂದೀಟ ತೋರಸ್ರಿ."

ಫೈಲು ತೆಗೆದು ನೋಡಿದೆ. ವಿಮಾ ಕಂಪನಿಯ ಒಪ್ಪಿಗೆಯ ಹಂತದಲ್ಲಿ ನಿಂತಿತ್ತು. ನಮ್ಮ ಯಂತ್ರ ಅವರ ಯಂತ್ರವನ್ನು ಮೂರು ಸಲ ಕೇಳಿತ್ತು, ಮೂರು ಸಲವೂ ಉತ್ತರ ಬಂದಿರಲಿಲ್ಲ. ಆಮೇಲೆ, ಉತ್ತರ ಬಾರದಿದ್ದಾಗ ಮನುಷ್ಯರನ್ನು ಕೇಳಬೇಕೆಂಬ ಪದ್ಧತಿಯಂತೆ ಒಂದು ಮೊಬೈಲಿಗೆ ಮೆಸೇಜು ಕಳಿಸಿತ್ತು. ಅಲ್ಲಿಂದಲೂ ಉತ್ತರವಿಲ್ಲ. ಆ ಮೊಬೈಲ್ ನಂಬರು ನನಗೆ ಬಾಯಿಪಾಠ. ಮೂರು ವರ್ಷದ ಹಿಂದೆ ನಿವೃತ್ತರಾಗಿ ಮನೆಗೆ ಹೋದ ಅಕ್ಕೋರ ನಂಬರು ಅದು.

ಆ ನಂಬರಿಗೇ ಫೋನು ಹಚ್ಚಿದೆ. ಎತ್ತಿದ್ದು ಬೇರೆ ಹೆಣ್ಣುಮಗಳ ದನಿ.

"ಅವರಿಲ್ರಿ. ನಿನ್ನೆ ಸಂಜಿಗೆ ಮಣ್ಣ ಮಾಡಿ ಬಂದೇವ್ರಿ."

ರೈತ ಇನ್ನೂ ಬಾಗಿಲಲ್ಲೇ ಇದ್ದ. ಹೂಂ ಅನ್ನಬೇಕಾದವನು ನಾನೇ ಎಂದು ಅವನಿಗೆ ಹೇಳಿ, ನನ್ನ ಪರದೆಯಿಂದಲೇ ಫೈಲನ್ನು ಮುಂದಕ್ಕೆ ನೂಕಿದೆ. ಮಧ್ಯಾಹ್ನ ಮುದುಕಿಯ ಆಪರೇಷನ್ ಆಯಿತು, ಸುಸೂತ್ರವಾಗಿಯೇ ಆಯಿತು.

*

ಅಕ್ಕೋರು ಆಸ್ಪತ್ರೆಗೆ ಬರುವ ಮುಂಚೆ ಬಬಲೇಶ್ವರದಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದರಂತೆ. ಕಲಿಸುವ ಹೆಣ್ಣುಮಕ್ಕಳಿಗೆ ನಮ್ಮ ಕಡೆ ಅಕ್ಕೋರು ಎನ್ನುವ ರೂಢಿ. ಕ್ಲಾಸು ಮುಚ್ಚಿತು, ಹೆಸರು ಉಳಿಯಿತು. ದೊಡ್ಡ ಡಾಕ್ಟರು, ಅಂದರೆ ಆಸ್ಪತ್ರೆಯ ಯಜಮಾನರು, ಅವರೂ ಅಕ್ಕೋರೇ ಅನ್ನುತ್ತಿದ್ದರು. ಜಲನಗರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಒಂಟಿ ಜೀವ. ತವರು ಕಳ್ಳಕವಟಗಿ. ಅಲ್ಲಿ ತಾಯಿ, ತಮ್ಮ, ತಮ್ಮನ ಹೆಂಡತಿ.

ಸಣಕಲು ದೇಹ, ದೊಡ್ಡ ಕನ್ನಡಕ, ಸ್ಕೂಟಿ. ಮೇಜಿನ ಡ್ರಾವರಿನಲ್ಲಿ ಕಟಕ ರೊಟ್ಟಿ, ಶೇಂಗಾದ ಹಿಂಡಿ ಯಾವಾಗಲೂ ಇರುತ್ತಿದ್ದವು. ಊಟಕ್ಕೆ ಕೂತರೆ ಎಡಗಡೆ ಮೊಬೈಲು ಮಾರಿ ಮೇಲೆ ಮಾಡಿ ಇರಬೇಕು. ಉಪ್ಪಿನಕಾಯಿ ಇಲ್ಲದೆ ಉಂಡಾರು, ಅದಿಲ್ಲದೆ ಒಂದು ತುತ್ತೂ ಇಳಿಯುತ್ತಿರಲಿಲ್ಲ.

ನಮ್ಮ ಕೆಲಸ ಏನೆಂದು ನನ್ನ ಮಾವ ಮದುವೆಗೆ ಮುಂಚೆ ಕೇಳಿದ್ದರು. ನಾನು ತಡಬಡಿಸಿದೆ, ಅವರು ಅನುಮಾನಿಸಿದರು. ಅಕ್ಕೋರು ಮಾತ್ರ ಇದನ್ನು ಮೊದಲ ದಿನವೇ ನನಗೆ ರದ್ದಿ ಫಾರ್ಮಿನ ಹಿಂದೆ ಬರೆದು ತೋರಿಸಿದ್ದರು. ನೀಲಿ ಪೆನ್ನಿನಲ್ಲಿ ಸಾಲಾಗಿ ಪೆಟ್ಟಿಗೆಗಳು: ರೋಗಿ ಬಂದ, ಹೆಸರು ಬರೆಸಿದ, ಡಾಕ್ಟರು ನೋಡಿದರು, ಪರೀಕ್ಷೆ, ಒಪ್ಪಿಗೆ, ಚಿಕಿತ್ಸೆ. ಒಂದರಿಂದ ಒಂದಕ್ಕೆ ಬಾಣ. ಇದು ನಮ್ಮ ಮನೆ. ಆಮೇಲೆ ಕೆಂಪು ಪೆನ್ನು ತೆಗೆದು ಮೂರು ಕಡೆ ಬಾಣವನ್ನು ಕಾಗದದ ಅಂಚಿನತನಕ ಎಳೆದರು. ಗುರುತಿನ ಚೀಟಿ ಸರಿಯಿದೆಯೇ ಎಂದು ಒಬ್ಬರನ್ನು ಕೇಳಬೇಕು, ರಕ್ತದ ಪರೀಕ್ಷೆಯ ಫಲ ಏನೆಂದು ಪುಣೆಯ ಒಂದು ಲ್ಯಾಬನ್ನು ಕೇಳಬೇಕು, ಖರ್ಚಿಗೆ ಒಪ್ಪಿಗೆ ಇದೆಯೇ ಎಂದು ವಿಮಾ ಕಂಪನಿಯನ್ನು ಕೇಳಬೇಕು. ಕೇಳುವುದೂ ಹೇಳುವುದೂ ಯಂತ್ರಗಳೇ, ಇಂಟರ್‌ನೆಟ್ಟಿನ ಮೇಲೆ. ಯಾವ ವಿಳಾಸಕ್ಕೆ ಹೋಗಬೇಕು, ಏನು ಕೇಳಬೇಕು, ಯಾವ ಗುಟ್ಟಿನ ಕೀಲಿ ತೋರಿಸಬೇಕು, ಎಷ್ಟು ಹೊತ್ತು ಕಾಯಬೇಕು, ಇದನ್ನೆಲ್ಲ ಮೊದಲೇ ನಮ್ಮ ಯಂತ್ರಕ್ಕೆ ಹೇಳಿಡುವುದು ನಮ್ಮ ಕೆಲಸ.

"ನೀಲಿ ನಮ್ಮನಿ, ಕೆಂಪು ಮಂದಿ ಮನಿ," ಎಂದಿದ್ದರು. "ಮಂದಿ ಮನಿ ಬಾಗಲಾ ಬಡಿಯೂದು ಯಾರಿಗರೆ ಬರತೈತಿ ತಮ್ಮಾ. ಒಳಗಿನವರು ಓ ಅನ್ನಲಿಲ್ಲಂದ್ರ ಏನ ಮಾಡ್ತಿ? ಅದನ್ನ ಮೊದಲ ಬರಿ, ಆಮ್ಯಾಲೆ ಬಾಗಲಾ ಬಡಿ."

ನಾನು ಕಲಿತು ಬಂದವನು, ಪದವಿ ಇದ್ದವನು. ಇದೇನು ಅಡುಗೆಮನೆ ಪಾಠ ಎಂದು ಒಳಗೇ ನಕ್ಕಿದ್ದೆ.

ಹೊಸ ಕಂಪನಿಯ ಜೊತೆ ಸಂಪರ್ಕ ಮಾಡುವ ಮುಂಚೆ ಅವರದೊಂದು ಪದ್ಧತಿ ಇತ್ತು. ಆ ಕಂಪನಿಯಲ್ಲಿ ಒಬ್ಬ ಮನುಷ್ಯನನ್ನು ಹುಡುಕಿ ಫೋನು ಮಾಡುತ್ತಿದ್ದರು. ಅವರ ಹಿಂದಿಯೋ, ವಿಜಯಪುರದ ಹಿಂದಿ. "ನಿಮ್ಮ ಮಷೀನ ಸೋ ಗಯಾ ತೋ ಉಠಾನೆವಾಲಾ ಕೌನ್‌ರೀ?" ಎಂದು, ಅಂದರೆ ಯಂತ್ರ ಮಲಗಿದರೆ ಎಬ್ಬಿಸುವವರು ಯಾರೆಂದು, ಕೇಳಿದರೆ ಅತ್ತಲಿನವನು ಕಕ್ಕಾಬಿಕ್ಕಿ. ಹೆಸರು, ಊರು, ಮಕ್ಕಳು ಎಷ್ಟು, ಎಲ್ಲ ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ನಾವು ಕೋಣೆಯಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದೆವು. ಆದರೆ ಎಲ್ಲಿ ಏನು ನಿಂತರೂ ಆ ನೋಟ್‌ಬುಕ್ಕಿನ ಒಂದು ಫೋನಿಗೆ ಕೆಲಸ ಆಗುತ್ತಿತ್ತು, ಇದನ್ನು ಒಪ್ಪಲೇಬೇಕು.

ಒಂದು ಸಲದ ತಮಾಷೆ ಹೇಳುತ್ತೇನೆ. ಲ್ಯಾಬಿನವರು ನಮಗೆ ಹೇಳದೆ ಕೇಳದೆ ತಾರೀಖು ಬರೆಯುವ ರೀತಿ ತಿರುಗಿಸಿಬಿಟ್ಟರು. ನಾವು ದಿನ ಮೊದಲು, ತಿಂಗಳು ಆಮೇಲೆ ಕಳಿಸುತ್ತಿದ್ದೆವು. ಅವರು ತಿಂಗಳು ಮೊದಲೆಂದು ಓದತೊಡಗಿದರು. ಬೇರೆ ಊರಿನಲ್ಲಾಗಿದ್ದರೆ ಅದೇ ದಿನ ಸಿಕ್ಕಿಬೀಳುತ್ತಿತ್ತು. ನಮ್ಮಲ್ಲಿ ಎಂಟು ದಿನ ಯಾರಿಗೂ ಗೊತ್ತಾಗಲಿಲ್ಲ. ಯಾಕೆಂದರೆ ನಮ್ಮ ಹಳ್ಳಿಯ ಹಿರಿಯರೆಲ್ಲ ಸಾಲಿ ಮಾಸ್ತರರ ದಯೆಯಿಂದ ಜೂನ್ ಒಂದಕ್ಕೇ ಹುಟ್ಟಿದವರು! ನಿಡೋಣಿಯ ಮುದುಕರು, ತಿಕೋಟಾದ ಮುದುಕಿಯರು, ಎಲ್ಲರೂ ಒಂದೇ ರಾತ್ರಿಯಲ್ಲಿ ಜನವರಿ ಆರಕ್ಕೆ ಹುಟ್ಟಿದವರಾದರು, ಯಂತ್ರ ಸುಮ್ಮನೆ ನುಂಗಿಕೊಂಡಿತು. ಒಂಬತ್ತನೆಯ ದಿನ ಜಲನಗರದ ಒಂದು ಕೂಸು ಬಂತು, ನಿಜವಾಗಿಯೂ ಇಪ್ಪತ್ಮೂರನೇ ತಾರೀಖಿಗೆ ಹುಟ್ಟಿದ್ದು. ಇಪ್ಪತ್ಮೂರನೇ ತಿಂಗಳು ಯಾವುದೆಂದು ಲ್ಯಾಬಿನ ಯಂತ್ರ ಬಾಯಿ ಬಿಟ್ಟುಕೊಂಡು ನಿಂತಿತು. ಅಕ್ಕೋರು ನಕ್ಕಿದ್ದೇ ನಕ್ಕಿದ್ದು, ಕಣ್ಣಲ್ಲಿ ನೀರು ಬರುವತನಕ. ನಕ್ಕು ಮುಗಿಸಿ, ಸೆರಗಿನಿಂದ ಕನ್ನಡಕ ಒರೆಸಿಕೊಂಡು, "ಓ ಅಂದವರನ್ನೂ ನಂಬಬಾರದು ನೋಡ ತಮ್ಮಾ. ಏನ ಕೇಳಿಸಿಕೊಂಡು ಓ ಅಂದ್ರು, ಅದನ್ನೂ ನೋಡಬೇಕು," ಎಂದರು. ಎಂಟು ದಿನದ ರೋಗಿಗಳ ವರದಿಗಳನ್ನು ಒಂದೊಂದಾಗಿ ಕೂತು ತಿದ್ದಿದರು.

*

ಅವರ ನಂಬರು ಆ ಒಪ್ಪಿಗೆಯ ಪೆಟ್ಟಿಗೆಗೆ ಹೇಗೆ ಬಂತೆನ್ನುವುದನ್ನು ಹೇಳಬೇಕು. ನಾನು ಕಣ್ಣಾರೆ ಕಂಡದ್ದು.

ವ್ಯವಸ್ಥೆ ಹೊಸದಾಗಿ ಕೂಡಿಸುತ್ತಿದ್ದ ದಿನಗಳು. ದೊಡ್ಡ ಡಾಕ್ಟರ ಕೋಣೆಯಲ್ಲಿ ಸಭೆ. ಸಾಫ್ಟ್‌ವೇರ್ ಮಾರಿದ ಕಂಪನಿಯ ಮನುಷ್ಯ, ಟೈ ಕಟ್ಟಿದವನು, ವಿಮಾ ಕಂಪನಿ ಹತ್ತು ನಿಮಿಷದಲ್ಲಿ ಉತ್ತರ ಕೊಡದಿದ್ದರೆ 'ನಿರಾಕರಿಸಲಾಗಿದೆ' ಎಂದು ಬರೆದು ಫೈಲು ಮುಚ್ಚುವಂತೆ ಇಡೋಣ, ಎಲ್ಲ ಕಡೆ ಹಾಗೇ ಇಡುತ್ತಾರೆ ಎಂದ.

ಅಕ್ಕೋರು ಎದ್ದು ನಿಂತರು. "ಹಂಗ ಬ್ಯಾಡ್ರಿ. ಅವರು ಒಲ್ಲೆ ಅಂದಿಲ್ಲ. ಏನೂ ಅಂದಿಲ್ಲ. ಸುಮ್ಮ ಕುಂತವರ ಬಾಯಾಗ ನಾವ್ಯಾಕ ಒಲ್ಲೆ ಹಾಕಬೇಕ್ರಿ? ಆ ಕಡೆ ಮಂಚದ ಮ್ಯಾಲೆ ಮನಷಾ ಮಲಗ್ಯಾನ."

"ಖರೇ ಐತಿ ಅಕ್ಕೋರ," ಎಂದರು ಡಾಕ್ಟರು. "ಆದ್ರ ಯಾರರೆ ಹೇಳಬೇಕಲ್ಲ, ಶುರು ಮಾಡ್ರಿ ಅಂತ? ನಾಳೆ ಕಂಪನಿಯವರು ಒಲ್ಲೆ ಅಂದ್ರ ಯಾರ ಕೊಳ್ಳಿಗೆ ಬರತೈತಿ?"

ಕೋಣೆಯಲ್ಲಿ ಆರೇಳು ಜನ ಇದ್ದೆವು. ಎಲ್ಲರೂ ನೆಲ ನೋಡಿದೆವು. ನಾನು ಎಷ್ಟು ನೋಡಿದೆನೆಂದರೆ ಆ ಟೈಲ್ಸಿನ ಬಿರುಕು ನನಗೆ ಇವತ್ತಿಗೂ ನೆನಪಿದೆ.

"ಸದ್ಯಕ್ಕ ನನ್ನ ನಂಬರ್ ಹಾಕ್ರಿ," ಎಂದರು ಅಕ್ಕೋರು.

ಅದರ ಕ್ರಮ ಹೀಗೆ: ಕೆಂಪು ಬಾಣದ ಆಚೆಯಿಂದ ಉತ್ತರ ಬರದಿದ್ದರೆ ಅವರ ಮೊಬೈಲಿಗೆ ಮೆಸೇಜು ಬರುತ್ತದೆ. ಅವರು ವಿಚಾರಿಸಿ ಒಂದು ಎಂದು ಕಳಿಸಿದರೆ ಫೈಲು ಮುಂದಕ್ಕೆ ಹೋಗುತ್ತದೆ, ಎರಡು ಎಂದರೆ ನಿಲ್ಲುತ್ತದೆ. ಮೂರು ಬಾಣಕ್ಕೂ ಅದೇ ನಂಬರು. ಸದ್ಯಕ್ಕೆ ಎಂಬ ಮಾತಿಗೆ ನಮ್ಮ ಕಡೆ ಅವಧಿ ಇರುವುದಿಲ್ಲ. ಸದ್ಯಕ್ಕೆ ಕಟ್ಟಿದ ತಗಡಿನ ಶೆಡ್ಡಿನಲ್ಲಿ ಮೊಮ್ಮಕ್ಕಳು ಹುಟ್ಟುತ್ತಾರೆ.

ಅಂದಿನಿಂದ ಅಕ್ಕೋರು ಕಟ್ಟಿಹಾಕಿದ ದನದಂತಾದರು. ಹಗ್ಗ ಎಷ್ಟು ಉದ್ದವೋ ಅಷ್ಟೇ ಮೇವು. ಸಿಗ್ನಲ್ ಇರುವಲ್ಲಿ ಇರಬಹುದು, ಇಲ್ಲದಲ್ಲಿಗೆ ಹೋಗುವಂತಿಲ್ಲ. ನಿಡೋಣಿ ನನ್ನ ಊರು. ನನ್ನ ಮದುವೆಗೆ ಬಂದ ಅಕ್ಕೋರು ಮಾಳಿಗೆ ಹತ್ತಿ ಅಲ್ಲೇ ನಿಂತುಕೊಂಡು ಉಂಡರು, ಕೆಳಗೆ ಪಂಕ್ತಿಯಲ್ಲಿ ಸಿಗ್ನಲ್ ಇರಲಿಲ್ಲವೆಂದು. ಅಕ್ಷತೆಯನ್ನು ಮಾಳಿಗೆಯಿಂದಲೇ ಒಗೆದರು. ನನ್ನವ್ವ ಇವತ್ತಿಗೂ ಅದನ್ನು ಹೇಳಿ ನಗುತ್ತಾಳೆ. ಜೊತೆಗೆ ನಾನೂ ನಗುತ್ತಿದ್ದೆ, ಈಗ ಆಗುವುದಿಲ್ಲ.

ಕಳ್ಳಕವಟಗಿಯ ಅವರ ತವರುಮನೆಯಲ್ಲೂ ಅದೇ ಪಾಡು. ಒಮ್ಮೆ ಏನೋ ಕಾಗದಕ್ಕೆ ಸಹಿ ಬೇಕೆಂದು ರವಿವಾರ ಅಲ್ಲಿಗೆ ಹೋಗಿದ್ದೆ. ಮನೆಯೆದುರಿನ ನೀರಿನ ಟಾಕಿಯ ಮೆಟ್ಟಿಲಿನ ಮೇಲೆ, ಅರ್ಧಕ್ಕೆ, ಅಕ್ಕೋರು ಕೂತಿದ್ದರು. ಅಂಗಳದಲ್ಲಿ ಹಗ್ಗದ ಹೊರಸಿನ ಮೇಲೆ ತಾಯಿ. ಮಗಳು ಮೇಲಿನಿಂದ ಕೂಗಬೇಕು, ತಾಯಿ ಕೆಳಗಿನಿಂದ ಕೂಗಬೇಕು. ಹೀಗೆ ಇಬ್ಬರೂ ಸುಖದುಃಖ ಮಾತಾಡುತ್ತಿದ್ದರು.

"ಕೆಳಗ ಇಳದ ಬಾರಬೇ," ಎಂದಳು ಮುದುಕಿ ನನ್ನೆದುರಿಗೇ. "ನಿನ್ನ ತಲಿ ಸವರಿ ಎಷ್ಟ ದಿವಸಾತು."

"ಬರತೇನಬೇ. ಇದೊಂದ ಮೆಸೇಜ್ ಬರಲಿ," ಎಂದರು ಅಕ್ಕೋರು.

ಆ ದಿನವೇ ನನಗೆ ನಡಿಗೆಯ ವಿಷಯ ತಿಳಿದದ್ದು. ಚಿಕ್ಕಂದಿನಲ್ಲಿ ಅಕ್ಕೋರ ತಮ್ಮನಿಗೆ ಜಡ್ಡು ಬಂದು ಕೈಬಿಟ್ಟಂತಾಗಿತ್ತಂತೆ. ತಾಯಿ ಶ್ರೀಶೈಲದ ಮಲ್ಲಯ್ಯನಿಗೆ ಐದು ಸಲ ನಡೆದು ಬರುತ್ತೇನೆಂದು ಬೇಡಿಕೊಂಡಳು. ಹುಡುಗ ಉಳಿದ. ಹೋಳಿ ಹುಣ್ಣಿಮೆ ಮುಗಿದ ಮೇಲೆ ಹೆಗಲ ಮೇಲೆ ಹೊರುವ ಮಲ್ಲಯ್ಯನ ಕಂಬಿಯ ಹಿಂದೆ ಹೊರಡುವ ಮಂದಿಯ ಜೊತೆ ನಾಲ್ಕು ಸಲ ನಡೆದಳು. ಐದನೆಯದಕ್ಕೆ ಮೊಣಕಾಲು ಹೋದವು.

"ಐದನೇದ್ದು ನೀ ನಡಿ ಅಂದೇನ್ರಿ ಈಕಿಗೆ," ಎಂದು ಮುದುಕಿ ನನಗೆ ಹೇಳಿದಳು. "ಮಗಳ ಕಾಲೂ ನನ್ನ ಕಾಲ ಅಲ್ಲೇನ್ರಿ? ನಾ ಕಣ್ಣ ಮುಚ್ಚೂದ್ರಾಗ ನಡದ ಬಂದ್ಲಂದ್ರ ಸಾಕು. ನೀವರೆ ಹೇಳ್ರಿ, ನಿಮ್ಮ ದವಾಖಾನ್ಯಾಗ ಈಕಿ ಒಬ್ಬಾಕಿನ ಇರೋದೇನು?"

ನಾನು ಚಹಾ ಕುಡಿದೆ. ನಡಿಗೆಯ ದಾರಿಯ ಕೊನೆಗೆ ಕಾಡು ಬರುತ್ತದೆ, ಆ ಕಾಡಿನೊಳಗೆ ಮೊಬೈಲಿಗೆ ಜೀವವಿಲ್ಲ, ಇದು ಅಕ್ಕೋರಿಗೂ ನನಗೂ ಗೊತ್ತಿತ್ತು.

*

ಕೊನೆಗೂ ಒಂದು ವರ್ಷ ಅಕ್ಕೋರಿಗೆ ರಜೆ ಸಿಕ್ಕಿತು. ತಾಯಿಯ ಬಿದಿರಿನ ಕೋಲು, ಒಂದು ಜೋಳಿಗೆ, ಹೊಸ ಚಪ್ಪಲಿ. ಹೊರಡುವ ಮುಂಚಿನ ದಿನ ನನ್ನ ಮೇಜಿಗೆ ಬಂದು ನಿಂತರು. ಅಷ್ಟು ಹಗುರಾದ ಮುಖ ಅದಕ್ಕೆ ಮುಂಚೆ ನಾನು ನೋಡಿರಲಿಲ್ಲ.

"ಮೂರೂ ಕಡೆ ನಿನ್ನ ನಂಬರ್ ಹಾಕ್ಕೊ ತಮ್ಮಾ. ಇವತ್ತ ಮಾಡಿಬಿಡು."

"ಮಾಡೇನ್ರಿ ಅಕ್ಕೋರ," ಎಂದೆ.

ಮಾಡಿದ್ದು ಎರಡು. ಗುರುತಿನ ಚೀಟಿಯದು, ಲ್ಯಾಬಿನದು. ಮೂರನೆಯದಕ್ಕೆ ಕೈ ಹೋಗಲಿಲ್ಲ. ಮರೆತೆ ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಸುಳ್ಳು. ಮರೆತಿರಲಿಲ್ಲ, ಅಂಜಿದ್ದೆ. ವಿಮಾ ಕಂಪನಿ ಸುಮ್ಮನಿದ್ದಾಗ ಒಂದು ಎಂದು ಒತ್ತಿ ನಾಳೆ ತಪ್ಪಾದರೆ ಡಾಕ್ಟರು ನನ್ನನ್ನು ಕರೆಯುತ್ತಾರೆ. ಎರಡು ಎಂದು ಒತ್ತಿದರೆ ರೋಗಿಯ ಮನೆಯವರು ನನ್ನ ಕೊರಳಪಟ್ಟಿ ಹಿಡಿಯುತ್ತಾರೆ. ಹದಿನೈದು ಇಪ್ಪತ್ತು ದಿನದಲ್ಲಿ ಏನು ಮಹಾ ಬಂದೀತು, ಬಂದರೆ ಅಕ್ಕೋರೇ ನೋಡಿಕೊಳ್ಳುತ್ತಾರೆ ಎಂದು ಪರದೆ ಮುಚ್ಚಿ ಮನೆಗೆ ಹೋದೆ.

ಕಾಡು ಶುರುವಾಗುವ ಊರಿನಲ್ಲಿ ಅವರಿಗೆ ಮೆಸೇಜು ಬಂತು. ಒಂದಲ್ಲ, ಅದೇ ಮುಂಜಾನೆ ಮೂರು. ಜೊತೆಯವರು ಕೋಲೆತ್ತಿಕೊಂಡು ಕಾಡಿಗೆ ಇಳಿದರು. ಅಕ್ಕೋರು ಆ ಊರಿನ ಒಂದು ಚಹಾದಂಗಡಿಯ ಕಟ್ಟೆಯ ಮೇಲೆ ಕೂತು ನೋಟ್‌ಬುಕ್ಕಿನ ನಂಬರಿಗೆಲ್ಲ ಫೋನು ಮಾಡಿ ಮೂರು ಫೈಲನ್ನೂ ಮುಂದಕ್ಕೆ ಕಳಿಸಿದರು. ಆಮೇಲೆ, ಇನ್ನೂ ಮೆಸೇಜು ಬಂದಾವೆಂದು, ಕಾಡಿಗೆ ಇಳಿಯದೆ ಬಸ್ಸು ಹಿಡಿದು ತಿರುಗಿ ಬಂದರು.

ಆಫೀಸಿಗೆ ಬಂದಾಗ ಮೂಗಿನ ತೊಗಲು ಸುಲಿದಿತ್ತು, ಪಾದಗಳು ಬಾತಿದ್ದವು. ನಾನು ಬೈಗುಳಕ್ಕೆ ಕಾಯುತ್ತಿದ್ದೆ. ಬೈದಿದ್ದರೆ ಬದುಕುತ್ತಿದ್ದೆ.

"ದಾರಿ ಭಾಳ ಛಲೋ ಐತಿ ತಮ್ಮಾ," ಎಂದರು. "ಮಂದಿ ನೀರ ಕೊಡ್ತಾರ, ಮಜ್ಜಗಿ ಕೊಡ್ತಾರ. ಕಾಲ ತೊಳೀತಾರ." ಡ್ರಾವರಿನಿಂದ ರೊಟ್ಟಿ ತೆಗೆದರು. ಮೊಬೈಲನ್ನು ಎಡಗಡೆ ಇಟ್ಟರು.

"ಅಕ್ಕೋರ, ಅದೊಂದ ನಂಬರ್ ಈಗ ಬದಲ ಮಾಡ್ತೇನ್ರಿ..."

ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. "ಇರ್ಲಿ ಬಿಡು, ಸದ್ಯಕ್ಕ," ಎಂದರು.

ಅದೇ ಮಳೆಗಾಲದಲ್ಲಿ ತಾಯಿ ತೀರಿಕೊಂಡಳು. ಸಾವಿನ ಮನೆಯಲ್ಲೂ ಅಕ್ಕೋರನ್ನು ನಾನು ಆ ಟಾಕಿಯ ಮೆಟ್ಟಿಲ ಮೇಲೆ ಕಂಡೆ. ಕೆಳಗೆ ಹೊರಸು ಖಾಲಿ ಇತ್ತು.

ನಿವೃತ್ತಿಯ ದಿನ ಹಾರ, ಶಾಲು, ಫೋಟೊ ಎಲ್ಲ ಆಯಿತು. ಆಮೇಲೆ ಅವರು ನೀಲಿ ಕೆಂಪು ಗೆರೆಯ ಹಾಳೆಗಳ ಒಂದು ಕಟ್ಟನ್ನು ನನಗೆ ಒಪ್ಪಿಸಿದರು. ಪ್ರತಿಯೊಂದು ಕೆಂಪು ಬಾಣದ ಕೆಳಗೆ, ಉತ್ತರ ಬಾರದಿದ್ದರೆ ಯಾರು ಎಂಬಲ್ಲಿ ನನ್ನ ಹೆಸರಿತ್ತು. ವಿಮಾ ಕಂಪನಿಯ ಬಾಣದ ಕೆಳಗೆ ಮಾತ್ರ ಜಾಗ ಖಾಲಿ. ಅದನ್ನು ನಾನೇ ತುಂಬಲಿ ಎಂದು ಬಿಟ್ಟಿದ್ದರು. ಖಾಲಿ ಜಾಗ ನನಗೆ ಕಂಡಿತು. ಹಾಳೆಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ.

ಅಕ್ಕೋರು ಜಲನಗರದ ಮನೆ ಬಿಟ್ಟು ಕಳ್ಳಕವಟಗಿಗೆ ಹೋದರು. ಆಮೇಲೆ ಮೂರು ವರ್ಷ ಯಾವ ತಕರಾರೂ ಬರಲಿಲ್ಲ. ಒಪ್ಪಿಗೆಗಳು ನೀರು ಹರಿದಂತೆ ಹರಿದವು. ವಿಮಾ ಕಂಪನಿಯವರು ಸುಧಾರಿಸಿದ್ದಾರೆ ಎಂದುಕೊಂಡೆ. ಹಾಗೆ ನಂಬುವುದು ನನಗೆ ಅನುಕೂಲವಿತ್ತು. ಒಂದು ಸಭೆಯಲ್ಲಿ, ನಾನು ಜವಾಬ್ದಾರಿ ವಹಿಸಿಕೊಂಡ ಮೇಲೆ ಒಂದು ಫೈಲೂ ನಿಂತಿಲ್ಲ ಎಂದು ಎದೆ ಉಬ್ಬಿಸಿ ಹೇಳಿದ್ದೂ ಉಂಟು. ಚಪ್ಪಾಳೆ ಹೊಡೆದರು.

*

ಮೂರನೆಯ ದಿನಕ್ಕೆ ತಿಕೋಟಾದ ಮೇಲೆ ಹಾಯ್ದು ಕಳ್ಳಕವಟಗಿಗೆ ಹೋದೆ. ತಮ್ಮನ ಹೆಂಡತಿ, ಆವತ್ತು ಸುದ್ದಿ ಮುಟ್ಟಿಸಲು ಟಾಕಿ ಹತ್ತಿದ್ದಾಗ ನನ್ನ ಫೋನು ಎತ್ತಿದವಳು, ಒಳಗಿನಿಂದ ಅಕ್ಕೋರ ಮೊಬೈಲು ತಂದು ನನ್ನ ಕೈಗಿಟ್ಟಳು.

"ಇದು ನಿಮ್ಮ ದವಾಖಾನಿದ್ದ ಅಲ್ಲೇನ್ರಿ? ನೀವ ಒಯ್ರಿ. ದಿನಾ ಟಾಕಿ ಹತ್ತಿ ಕುಂದರತಿದ್ರು ನಮ್ಮ ಅಕ್ಕಾರು. ಮೆಸೇಜ್ ಬಂತಂದ್ರ ಅಲ್ಲಿಂದನ ಯಾರ ಕೂಡೋ ಹಿಂದಿಯಾಗ ಮಾತಾಡ್ತಿದ್ರು, ಆಮ್ಯಾಲೆ ಒಂದ ಗುಂಡಿ ಒತ್ತತಿದ್ರು. ಎದಿ ನೋಯಾಕತ್ತಿದ ದಿನಾನೂ ಟಾಕಿ ಹತ್ತ್ಯಾರ್ರಿ."

ತೆಗೆದು ನೋಡಿದೆ. ಮೂರು ವರ್ಷದ ಮೆಸೇಜುಗಳು ಸಾಲಾಗಿದ್ದವು. ಪ್ರತಿಯೊಂದರ ಕೆಳಗೂ ಅವರ ಉತ್ತರ: ಒಂದು. ಒಂದು. ಒಂದು. ಅಲ್ಲೊಂದು ಇಲ್ಲೊಂದು ಎರಡು. ಕಟ್ಟಕಡೆಯದು ಬಬಲೇಶ್ವರದ ಮುದುಕಿಯದು, ಅದರ ಕೆಳಗೆ ಏನೂ ಇರಲಿಲ್ಲ. ಓ ಅನ್ನದಿದ್ದರೆ ಏನು ಮಾಡುತ್ತೀ ಎಂದು ನಮಗೆಲ್ಲ ಕಲಿಸಿದವರು ಅವರು. ಅವರೇ ಓ ಅನ್ನದಿದ್ದರೆ ಏನು ಮಾಡಬೇಕೆಂದು ನಾವ್ಯಾರೂ ಬರೆದಿಟ್ಟಿರಲಿಲ್ಲ.

ಬಾಗಿಲ ಹಿಂದೆ ಬಿದಿರಿನ ಕೋಲು ಒರಗಿಸಿತ್ತು.

"ನಿವೃತ್ತಿ ಆದ ಮ್ಯಾಲೆ ನಡದು ಬಂದ್ರೇನು?" ಎಂದು ಕೇಳಿದೆ.

"ಮೂರೂ ವರ್ಷ ಹೋದರ್ರಿ. ಮೂರೂ ವರ್ಷ ಆ ಕಾಡಿನ ಊರತನಕ ನಡದು, ಅಲ್ಲಿಂದ ತಿರುಗಿ ಬಂದ್ರು. ಮುಂದ ಸಿಗ್ನಲ್ ಇಲ್ಲಂತ. ನಾ ಬೈದೇನ್ರಿ, ನೌಕರಿ ಬಿಟ್ಟ ಮ್ಯಾಲೂ ನಿಮಗ್ಯಾಕ ಈ ಪೀಡಾ, ಆ ದವಾಖಾನಿ ಅಣ್ಣಾರಿಗೆ ನಿಮ್ಮ ನಂಬರ ತಗಿ ಅಂತ ಹೇಳ್ರಿ ಅಂತ." ಅವಳು ಸೆರಗು ಸರಿಮಾಡಿಕೊಂಡಳು. ನಾನೇ ಆ ಅಣ್ಣ ಎಂದು ಅವಳಿಗೆ ಗೊತ್ತಿರಲಿಲ್ಲ.

"ಏನಂದ್ರು?"

"ಅಂವ ಅಂಜತಾನ, ಇರ್ಲಿ ಬಿಡು ಅಂದರ್ರಿ."

ಸಂಜೆಯ ಬಸ್ಸಿಗೆ ತಿರುಗಿ ಬಂದು ನೇರ ಆಸ್ಪತ್ರೆಗೆ ಹೋದೆ. ಕೋಣೆಯ ಬೀಗ ತೆಗೆದು, ಕಂಪ್ಯೂಟರ್ ಹಚ್ಚಿ, ವಿಮಾ ಕಂಪನಿಯ ಪೆಟ್ಟಿಗೆ ತೆರೆದೆ. ಅಕ್ಕೋರ ನಂಬರು ಅಳಿಸಿ ನನ್ನದು ಬರೆದೆ. ಹತ್ತು ಅಂಕಿ. ಅರ್ಧ ನಿಮಿಷವೂ ಹಿಡಿಯಲಿಲ್ಲ.